ಹೆಪ್ಪು ಕೊಡದ ಮನೆ

ಮೊಸರಿನ ಡಾಕ್ಟರಿಗೆ ಮೊಸರು ಸೇರುವುದಿಲ್ಲ ಎಂದರೆ ಹಿರೇಹೊಳೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಆದರೆ ನಿಜ. ದಿನವಿಡೀ ಸೂಕ್ಷ್ಮದರ್ಶಕದ ಕೆಳಗೆ ಅದನ್ನೇ ನೋಡಿ, ಅದರೊಳಗೆ ಯಾರು ಯಾರು ಸಂಸಾರ ಹೂಡಿದ್ದಾರೆಂದು ಗೊತ್ತಾದ ಮೇಲೆ, ಮನೆಗೆ ಬಂದು ಅದನ್ನೇ ಅನ್ನಕ್ಕೆ ಕಲಸಿಕೊಂಡು ಉಣ್ಣುವುದು ನನ್ನಿಂದ ಆಗುತ್ತಿರಲಿಲ್ಲ. ಆ ಒಂದು ಹೇವರಿಕೆ ನನ್ನನ್ನು ಉಳಿಸಿತು. ಉಳಿದದ್ದಕ್ಕೆ ಸಂತೋಷಪಡಬೇಕೋ ಬೇಡವೋ ಎಂಬುದು ಮಾತ್ರ ಬಹಳ ದಿನ ಗೊತ್ತಾಗಲಿಲ್ಲ.

ನನ್ನ ಹೆಸರು ದಾಕ್ಷಾಯಣಿ. ಊರಿನ ಹಾಲಿನ ಡೇರಿಯ ಪ್ರಯೋಗಾಲಯದಲ್ಲಿ ಕೆಲಸ. ಮನೆಯಲ್ಲಿ ಇಬ್ಬರೇ, ನಾನು ಮತ್ತು ನನ್ನ ಅತ್ತೆ ಗುರುಸಿದ್ದವ್ವ. ನಮ್ಮಿಬ್ಬರನ್ನು ಜೋಡಿಸಿದ್ದ ಸಂಗಮೇಶ, ಅವಳ ಮಗ, ನನ್ನ ಗಂಡ, ತೀರಿಹೋಗಿ ವರ್ಷಗಳಾಗಿದ್ದವು. ಅವಳು ನನ್ನನ್ನು ಹೊರಗೆ ಹಾಕಲಿಲ್ಲ, ನಾನೂ ಬಿಟ್ಟುಹೋಗಲಿಲ್ಲ. ಆದರೆ ಅಷ್ಟೂ ಕಾಲದಲ್ಲಿ ಅವಳು ಒಮ್ಮೆಯೂ ನನ್ನ ಹೆಸರು ಹಿಡಿದು ಕರೆದಿರಲಿಲ್ಲ. "ಇಲ್ಲೆ ಕೇಳು" ಅನ್ನುವುದೇ ನನ್ನ ಹೆಸರಾಗಿತ್ತು.

ಗುರುಸಿದ್ದವ್ವ ಎಂಜಲು ಕೈಯಲ್ಲಿ ಕಾಗೆ ಓಡಿಸದವಳು. ಹೆಪ್ಪಿನ ವಿಷಯದಲ್ಲಂತೂ ಕೇಳುವುದೇ ಬೇಡ. ಮದುವೆಯಾಗಿ ಬರುವಾಗ ತವರಿನಿಂದ ಸಣ್ಣ ಗಡಿಗೆಯಲ್ಲಿ ತಂದ ಹೆಪ್ಪು ಅದು. ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ, ಇವತ್ತಿನದು ನಾಳೆಗೆ, ಹೀಗೆ ಒಂದು ದಿನವೂ ತಪ್ಪದೆ ನಡೆದುಬಂದಿತ್ತು. ಅದನ್ನು ಯಾರಿಗೂ ಕೊಟ್ಟವಳಲ್ಲ, ಯಾರದ್ದನ್ನೂ ತಂದವಳಲ್ಲ. ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಡಬಾರದೆಂಬುದು ಎಲ್ಲರ ಮನೆಯ ರೂಢಿ. ಗುರುಸಿದ್ದವ್ವನ ಮನೆಯಲ್ಲಿ ಮುಂಜಾನೆಯೇ ದೀಪ ಹಚ್ಚಿರುತ್ತಾರೆ ಎಂದು ಪಕ್ಕದ ಮನೆಯ ಶಾಂತಕ್ಕ ಚೇಷ್ಟೆ ಮಾಡುತ್ತಿದ್ದಳು.

ಡೇರಿಯ ಕಥೆ ಬೇರೆ. ಅಲ್ಲಿ ಮೊಸರಾಗುವುದು ಆನೆ ಹಿಡಿಸುವಂಥ ಉಕ್ಕಿನ ತೊಟ್ಟಿಗಳಲ್ಲಿ, ಮತ್ತು ಆ ತೊಟ್ಟಿಗಳಿಗೆ ಒಬ್ಬ ಶತ್ರುವಿದ್ದಾನೆ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳಿಗೂ ಜಡ್ಡು ಬರುತ್ತದೆ ಎಂದರೆ ಜನ ನಗುತ್ತಾರೆ. ಬರುತ್ತದೆ. ಅವುಗಳಿಗೇ ಅಂಟುವ ವೈರಸ್ಸುಗಳಿವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವನ್ನು ನೋಡಿದರೆ ಜೀವ ಇರುವ ವಸ್ತು ಅನಿಸುವುದೇ ಇಲ್ಲ. ಹರಳಿನಂತೆ ಮೂಲೆಗಳುಳ್ಳ ಒಂದು ತಲೆ, ಕೆಳಗೆ ಉದ್ದನೆಯ ಬಾಲ. ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ಬೆಳೆಯುವುದಿಲ್ಲ. ಹಾಲಿನಲ್ಲಿ ತೇಲುತ್ತ ಬಂದು, ಬ್ಯಾಕ್ಟೀರಿಯಾದ ಮೈಮೇಲೆ ತನಗೆ ಹೊಂದುವ ಚಿಲಕ ಸಿಕ್ಕರೆ ಕೂರುತ್ತದೆ. ಸಿಗದಿದ್ದರೆ ಹಾಗೇ ತೇಲಿಹೋಗುತ್ತದೆ. ಕೂತ ಮೇಲೆ ತಲೆಯೊಳಗಿನ ಒಂದು ನೂಲನ್ನು, ತನ್ನ ಡಿಎನ್‌ಎಯನ್ನು, ಬಾಲದ ಮೂಲಕ ಒಳಗೆ ಇಳಿಬಿಡುತ್ತದೆ. ಖಾಲಿ ತಲೆ ಹೊರಗೇ ಉಳಿಯುತ್ತದೆ. ಒಳಗೆ ಹೋದದ್ದು ಬರೀ ಒಂದು ಆಜ್ಞೆ, ನಿನ್ನ ಕೆಲಸ ಬಿಡು, ನನ್ನಂಥವರನ್ನು ಮಾಡು ಎಂದು. ಬ್ಯಾಕ್ಟೀರಿಯಾ ತನ್ನದೇ ಅಡುಗೆಮನೆಯಲ್ಲಿ, ತನ್ನದೇ ಹಿಟ್ಟಿನಿಂದ ಅವನ್ನು ಮಾಡುತ್ತ ಹೋಗುತ್ತದೆ. ಒಳಗೆ ಜಾಗ ತುಂಬಿದಾಗ ಗೋಡೆ ಒಡೆದು ಎಲ್ಲವೂ ಹೊರಗೆ ಬರುತ್ತವೆ, ಒಂದೊಂದೂ ಇನ್ನೊಂದು ಮನೆ ಹುಡುಕಿಕೊಂಡು. ಡೇರಿಯಲ್ಲಿ ಹೀಗಾದರೆ ಹೆಪ್ಪು ಹಾಕಿದ ತೊಟ್ಟಿ ಮರುದಿನವೂ ಹಾಲಾಗಿಯೇ ಇರುತ್ತದೆ.

ಇನ್ನೊಂದು ಜಾತಿಯಿದೆ, ಅದಕ್ಕೆ ಅವಸರವಿಲ್ಲ. ಒಳಗೆ ಹೋದ ನೂಲು ಬ್ಯಾಕ್ಟೀರಿಯಾದ ಸ್ವಂತ ನೂಲಿನಲ್ಲೇ ಸೇರಿಕೊಂಡು ಮಲಗಿಬಿಡುತ್ತದೆ. ಬ್ಯಾಕ್ಟೀರಿಯಾ ಒಡೆದು ಎರಡಾದಾಗ ಎರಡರಲ್ಲೂ ಅದು ಇರುತ್ತದೆ, ನಾಲ್ಕಾದಾಗ ನಾಲ್ಕರಲ್ಲೂ. ಮಲಗಿರುವಷ್ಟು ಕಾಲ ಒಂದು ಉಪಕಾರವನ್ನೂ ಮಾಡುತ್ತದೆ. ತನ್ನ ಕುಲದ ಬೇರೆ ವೈರಸ್ ಆ ಮನೆಗೆ ನುಗ್ಗಿದರೆ ಅದರ ಬಾಯಿ ಕಟ್ಟುತ್ತದೆ. ಮನೆಗೆ ಕಷ್ಟ ಬಂದರೆ, ಬಿಸಿ ತಾಗಿದರೆ ಮಾತ್ರ ಎಚ್ಚರಾಗಿ, ತಾನೇ ಗೋಡೆ ಒಡೆದುಕೊಂಡು ಹೊರಡುತ್ತದೆ.

ಇಂಥ ಒಂದನ್ನೇ ಆರಿಸಿ ಹೆಪ್ಪಿನೊಳಗೆ ಕಾವಲಿಗೆ ಮಲಗಿಸಿದರೆ ಹೇಗೆ ಎಂದು ಕೇಳಿದ್ದು ನಮ್ಮ ಪ್ರಯೋಗಾಲಯ.

"ಕಳ್ಳನ ಕೈಯಾಗ ಕೀಲಿಕೈ ಕೊಟ್ಟಂಗ ಆತ್ರಿ ಮೇಡಮ್," ಎಂದು ನಕ್ಕವನು ನನ್ನ ಜೊತೆಗಾರ ಇಮಾಮಸಾಬ ನದಾಫ್. ಆ ನೂಲುಗಳ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಓದುವುದು ಅವನ ಕೆಲಸ. ನಕ್ಕರೂ ಕೆಲಸ ಮಾಡಿದ. ತೊಟ್ಟಿಗಳು ಕೆಡುವುದು ನಿಂತಿತು. ಪ್ರತಿ ತೊಟ್ಟಿಗೂ ನಮ್ಮ ಶೀತಲಪೆಟ್ಟಿಗೆಯಿಂದ ಹೊಸ ಹೆಪ್ಪು ಹೋಗುತ್ತಿತ್ತು, ಪ್ಯಾಕೆಟ್ ಮೊಸರನ್ನು ಜನ ಒಯ್ದು ಉಂಡು ಮುಗಿಸುತ್ತಾರೆ, ಅಲ್ಲಿಗೆ ನಮ್ಮ ಕಾವಲುಗಾರನ ವಂಶ ಮುಗಿಯುತ್ತದೆ ಎಂಬುದು ನಮ್ಮ ಎಣಿಕೆ. ಮುಗಿಸುತ್ತಾರೆ ಎಂದುಕೊಂಡದ್ದೇ ತಪ್ಪು. ನಾವೆಲ್ಲ ಈ ಸೀಮೆಯಲ್ಲೇ ಹುಟ್ಟಿ ಬೆಳೆದವರು. ನಮ್ಮ ಮನೆಗಳಲ್ಲಿ ಮೊಸರು ಎಂದಾದರೂ ಮುಗಿದದ್ದುಂಟೆ? ತಳದಲ್ಲಿ ಒಂದು ಚಮಚ ಉಳಿಸಿಕೊಳ್ಳದೆ ಯಾವ ಹೆಣ್ಣುಮಗಳು ಗಡಿಗೆ ತೊಳೆದಿದ್ದಾಳೆ? ಬಿಳಿ ಕೋಟು ಹಾಕಿಕೊಂಡ ಕೂಡಲೇ ನಮಗೆ ಅಷ್ಟು ದೊಡ್ಡ ಸಂಗತಿ ಮರೆತುಹೋಗಿತ್ತು.

ಸಂಕ್ರಾಂತಿಗೆ ಗುರುಸಿದ್ದವ್ವ ಶಾಂತಕ್ಕನ ಮನೆಗೆ ಒಂದು ಬಟ್ಟಲು ಸಿಹಿ ಮಾದಲಿ ಕಳಿಸಿದ್ದಳು. ಹಬ್ಬದ ದಿನ ಅಷ್ಟನ್ನಾದರೂ ಮಾಡಲೇಬೇಕಲ್ಲ. ಬಟ್ಟಲನ್ನು ಖಾಲಿ ಹಿಂತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ, ಆದ್ದರಿಂದ ಶಾಂತಕ್ಕ ಅದರ ತುಂಬ ಮೊಸರು ಹಾಕಿ ತಂದುಕೊಟ್ಟಳು. ಪ್ಯಾಕೆಟ್ ಮೊಸರನ್ನೇ ಹೆಪ್ಪು ಮಾಡಿಕೊಂಡು ಎಷ್ಟೋ ತಿಂಗಳಿಂದ ಅವರ ಮನೆಯಲ್ಲಿ ಸಾಗಿಬಂದಿದ್ದ ಮೊಸರು. ಪುಕ್ಕಟೆ ಬಂದದ್ದನ್ನು ಚೆಲ್ಲುವವಳಲ್ಲ ನಮ್ಮ ಅತ್ತೆ. ತನ್ನ ಗಡಿಗೆಗೇ ಸುರಿದುಕೊಂಡಳು.

ಅದಾಗಿ ಕೆಲವು ದಿನಗಳ ಮೇಲೆ ಒಂದು ಸಂಜೆ ನಾನು ಡೇರಿಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ದನಿ ಬಂತು.

"ಉಂಡಿಯೇನ ಮಗಳ?"

ಯಾರಾದರೂ ಬಂದಿರಬೇಕೆಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಗುರುಸಿದ್ದವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಎರಡೂ ಕೆನ್ನೆ ಸವರಿ, ಆ ಕೈಗಳನ್ನು ತನ್ನ ಹಣೆಯ ಪಕ್ಕಕ್ಕೊತ್ತಿ ಲಟಲಟ ನೆಟಿಗೆ ಮುರಿದಳು. "ಎಷ್ಟ ಸೊರಗೀದಿ," ಎಂದಳು.

ನಾನು ಸುಲಭಕ್ಕೆ ಅಳುವವಳಲ್ಲ. ಅವತ್ತು ಬಚ್ಚಲಿಗೆ ಹೋಗಿ ನಲ್ಲಿ ತಿರುವಿ, ಆ ಸದ್ದಿನಲ್ಲಿ ಮನಸಾರೆ ಅಳುತ್ತ ಕೂತೆ. ಸಂಗಮೇಶ ಹೋದ ಮೇಲೆ ನನ್ನನ್ನು ಆ ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ.

ದಿನಾ ಅದೇ ನಡೆಯಿತು. ನಾನು ಬರುವುದನ್ನೇ ಕಾಯುವಳು, ಕೆನ್ನೆ ಸವರುವಳು. ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿ, ಅದರ ಬೆಳಕಿನಲ್ಲೇ ಗಡಿಗೆಯಿಂದ ಬಟ್ಟಲಿಗೆ ಮೊಸರು ಹಾಕಿಕೊಂಡು ಹೊರಗೆ ಹೊರಟಳು.

"ಅತ್ತ್ಯಾರ, ದೀಪ ಹಚ್ಚ್ಯಾದ ಮ್ಯಾಲ ಹೆಪ್ಪು ಒಯ್ಯಾಕ ಹತ್ತೀರಲ್ರಿ?"

"ಪಾಪ, ಯಾರಿಗರ ಬೇಕಾಗಿರ್ತೈತಿ ಮಗಳ. ಕೊಟ್ಟು ಬರ್ತೀನಿ."

ಯಾರಿಗೂ ಬೇಕಾಗಿರಲಿಲ್ಲ. ಓಣಿಗೆ ಇಣುಕಿದೆ. ಎಲ್ಲ ಮನೆಗಳಿಂದಲೂ ಜನ ಹೊರಬಂದಿದ್ದರು. ಹೆಂಗಸರು, ಗಂಡಸರು, ಎಲ್ಲರ ಕೈಯಲ್ಲೂ ಬಟ್ಟಲು, ಎರಡೂ ಕೈಯಲ್ಲಿ ಹಿಡಿದು. ಇವರು ಅವರಿಗೆ ಕೊಟ್ಟರು, ಅವರು ಇವರಿಗೆ ಕೊಟ್ಟರು. ಅದೇ ಮೊಸರು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಯಾರೂ ಹೆಚ್ಚು ಮಾತಾಡಲಿಲ್ಲ. ಎಲ್ಲರ ಮುಖದಲ್ಲೂ ಒಂದೇ ಅಳತೆಯ ನಗೆ. ನನಗೆ ಮೈ ಜುಮ್ಮೆಂದಿತು. ಆದರೆ ಅತ್ತೆ ತಿರುಗಿ ಬಂದು ಕೆನ್ನೆ ಸವರಿದಾಗ ಅದನ್ನು ಮರೆತೆ. ಮರೆಯಬೇಕೆಂದೇ ಮರೆತೆ ಎನ್ನುವುದು ಸರಿ.

ಹಿರೇಹೊಳೆಗೆ ಒಳ್ಳೆಯ ಕಾಲ ಬಂತೆಂದು ಎಲ್ಲರೂ ಹೇಳತೊಡಗಿದರು. ಅಣ್ಣತಮ್ಮಂದಿರು ನಡುವೆ ಎಬ್ಬಿಸಿದ್ದ ಗೋಡೆ ಕೆಡವಿದರು. ಠಾಣೆಗೆ ದೂರು ಕೊಡುವವರು ಹೋಗುತ್ತಿರಲಿಲ್ಲ, ಬಟ್ಟಲು ಹಿಡಿದವರು ಹೋಗುತ್ತಿದ್ದರು.

ನನ್ನಂತೆಯೇ ಮೊಸರು ಮುಟ್ಟದ ನದಾಫನಿಗೆ ಮಾತ್ರ ಸುಮ್ಮನಿರಲಾಗಲಿಲ್ಲ. ಅವನು ಮನೆಮನೆಯ ಹೆಪ್ಪು ತಂದು ಪರೀಕ್ಷಿಸಿದ. ಒಂದು ಮಧ್ಯಾಹ್ನ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ.

"ಇದು ನಾವು ಮಲಗಿಸಿದ ವೈರಸ್ಸಿನ ನೂಲು ನೋಡ್ರಿ. ಇದು ಓಣ್ಯಾಗಿಂದ ತಂದದ್ದು. ಉದ್ದ ಆಗೈತಿ. ಹೊಸಾ ತುಂಡು ಸೇರೈತಿ ಇಲ್ಲೆ."

"ಎಲ್ಲಿಂದ ಬಂತು?"

"ಹೊಟ್ಟ್ಯಾಗಿನ ಬ್ಯಾರೆ ಬ್ಯಾಕ್ಟೀರಿಯಾದಿಂದ ಎತ್ತಿಕೊಂಡೈತಿ. ಈ ತುಂಡು ಇರೂ ಬ್ಯಾಕ್ಟೀರಿಯಾ ಒಂದು ರಸ ಮಾಡ್ತಾವ. ಹೊಟ್ಟಿಯಿಂದ ಮಿದುಳಿಗೆ ಹೋಗೂ ನರ ಐತೆಲ್ಲ, ಅದಕ್ಕ ತಾಗೂ ಅಂಥ ರಸ. ಅದು ತಾಗಿದ್ರ ಮನಷ್ಯಾಗ ಕೊಡಬೇಕು ಅನಸ್ತೈತಿ. ಎದುರಿಗಿದ್ದವರನ್ನ ಹಚ್ಚಿಕೋಬೇಕು ಅನಸ್ತೈತಿ."

"ಯಾರು ಹಿಂಗ ಮಾಡಿದ್ದು ಇದನ್ನ?"

"ಯಾರೂ ಮಾಡಿಲ್ರಿ. ನಮ್ಮ ಹೆಣ್ಮಕ್ಕಳು ಆರಿಸ್ಯಾರ, ಗೊತ್ತಿಲ್ದನ. ಸಾವಿರ ಮನ್ಯಾಗ ಸಾವಿರ ಥರದ ಹೆಪ್ಪು ಇತ್ತು ಅಂತ ತಿಳ್ಕೋರಿ. ಉಂಡವರು ಕೈ ಬಿಗಿ ಹಿಡಿದ್ರ ಆ ಹೆಪ್ಪು ಅಲ್ಲೇ ಕುಂತಿತು. ಉಂಡವರು ಕೊಟ್ಟು ಬಂದ್ರ ಆ ಹೆಪ್ಪು ಇನ್ನೊಂದು ಮನಿ ಸೇರ್ತು. ಕೊಡಸೂ ಹೆಪ್ಪ ಗೆದ್ದೈತಿ. ಅಷ್ಟರಿ."

ನನಗೆ ಕೇಳುವುದು ಬೇಡವಾಗಿತ್ತು, ಆದರೂ ಕೇಳಿದೆ. "ಹಂಗಾದ್ರ ಅವರ ಪ್ರೀತಿ ಸುಳ್ಳೇನು?"

ನದಾಫ್ ಕನ್ನಡಕ ತೆಗೆದು ಒರೆಸಿದ. "ನನ್ನ ಹೇಂತಿ ಮದಿವ್ಯಾದಾಗಿಂದ ನನ್ನ ಕೂಡ ನೆಟ್ಟಗ ಮಾತಾಡಿದಾಕಿ ಅಲ್ರಿ. ಈಗ ದಿನಾ ಬಾಗಲದಾಗ ನಿಂತು ಕಾಯ್ತಾಳ. ಅದು ಸುಳ್ಳೋ ಖರೇವೋ ಅಂತ ನಾ ಕೇಳಾಕ ಹೋಗಿಲ್ಲ ಮೇಡಮ್."

ಇಬ್ಬರೂ ಆ ವಿಷಯವನ್ನು ಅಲ್ಲಿಗೇ ಬಿಟ್ಟೆವು. ಓದಿದವರು ಹೀಗೆ ಮಾಡಬಾರದು. ಮಾಡಿದೆವು.

ಬೇಸಿಗೆ ಏರಿತು. ಊರ ತಗ್ಗಿನಲ್ಲಿರುವ ಕೆಳಗಿನಪೇಟೆಯಲ್ಲಿ ಎಲ್ಲವೂ ತಗಡಿನ ಮನೆಗಳು. ಅಲ್ಲಿಗೆ ಹಾಲು ಹಾಕುವವನು ಒಂದು ದಿನ ತುಂಬಿದ ಕ್ಯಾನುಗಳನ್ನು ಹಾಗೇ ಡೇರಿಗೆ ವಾಪಸು ತಂದ. "ಒಯ್ಯಾಕ ಯಾರೂ ಇಲ್ರಿ ಅಲ್ಲೆ," ಎಂದ.

ನದಾಫನೂ ನಾನೂ ನಡುಮಧ್ಯಾಹ್ನ ಅಲ್ಲಿಗೆ ಹೋದೆವು. ಬೀದಿಯ ಎರಡೂ ಬದಿಗೆ ಮನೆಗಳ ಬಾಗಿಲು ಹಾರುಹೊಡೆದಿದ್ದವು. ಒಂದು ಮನೆಯಲ್ಲಿ ತಟ್ಟೆಗೆ ಬಡಿಸಿದ ರೊಟ್ಟಿ ಒಣಗಿ ಸೆಟೆದುಕೊಂಡಿತ್ತು. ಇನ್ನೊಂದರಲ್ಲಿ ಫ್ಯಾನು ಯಾರಿಗೂ ಇಲ್ಲದೆ ತಿರುಗುತ್ತಿತ್ತು. ಹೊಡೆದಾಟದ ಗುರುತಿಲ್ಲ, ಕಳುವಿನ ಗುರುತಿಲ್ಲ. ಎಲ್ಲ ಮನೆಯಲ್ಲೂ ಮೊಸರಿನ ಗಡಿಗೆ ಒಲೆಯ ಪಕ್ಕದಲ್ಲೇ ಇತ್ತು. ಬಗ್ಗಿ ನೋಡಿದೆ. ಮೊಸರು ಇರಲಿಲ್ಲ. ತೆಳ್ಳಗಿನ, ಹಳದಿ ಬಣ್ಣದ ನೀರು. ಮೂಸಿದರೆ ವಾಸನೆಯೇ ಇಲ್ಲ.

"ಒಡದಾವ," ಎಂದ ನದಾಫ್. "ತಗಡು ಕಾದು ಮಲಗಿದ್ದು ಎದ್ದೈತಿ. ಬ್ಯಾಕ್ಟೀರಿಯಾ ಎಲ್ಲಾ ಒಮ್ಮೆಲೆ ಒಡದು ರಸಾ ಎಲ್ಲಾ ಹೊರಗ ಬಂದೈತಿ. ಅದನ್ನ ಉಂಡವರು…"

ಉಂಡವರು ಎಲ್ಲಿ ಎಂದು ಆಮೇಲೆ ಗೊತ್ತಾಯಿತು. ಸತ್ತಿರಲಿಲ್ಲ. ಒಬ್ಬಳು ಮೂರು ಊರಾಚೆಯ ಯಾರದೋ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಗಂಡ ಬೇರೆ ತಾಲೂಕಿನ ಯಾರದೋ ಪಡಸಾಲೆಯಲ್ಲಿ ಕೂತಿದ್ದ. ಗಂಡ, ಹೆಂಡತಿ, ತಾಯಿ, ಮಗ, ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ, ಒಂದೊಂದು ಬಟ್ಟಲು ಹಿಡಿದು ಹೋಗಿದ್ದರು. ಎಲ್ಲರೂ ಆರಾಮಾಗಿದ್ದರು. ತಮ್ಮವರು ಯಾರೆಂದು ಕೇಳಿದರೆ ಎದುರಿಗಿದ್ದವರನ್ನೇ ತೋರಿಸುತ್ತಿದ್ದರು. ಮನೆ ತುಂಬಿದ ಮೇಲೆ ಗೋಡೆ ಒಡೆದು ಹೊರಡುವುದು. ಡೇರಿಗೆ ಬರುವ ಹೊಸಬರಿಗೆ ನಾನು ಪಾಠ ಹೇಳುವಾಗ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರ ಅದು. ಅದರಲ್ಲಿ ಮನೆ ಎಂದರೆ ನಿಜವಾದ ಮನೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ?

"ನಮ್ಮವು ಮಣ್ಣಿನ ಮಾಳಿಗಿ. ತಡಾ ಆಗಿ ಕಾಯ್ತಾವ," ಎಂದ ನದಾಫ್. "ಕಾಯೂದಂತೂ ಖರೆ."

ಡೇರಿಯ ಡೈರೆಕ್ಟರ ಹತ್ತಿರ ಓಡಿದೆವು. ಮೊಸರು ಚೆಲ್ಲಿರೆಂದು ಊರಿಗೆ ಡಂಗುರ ಹೊಡೆಸಬೇಕೆಂದೆವು. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು. "ಜನ ಇಷ್ಟು ಛಲೋ ಇದ್ದಾಗ ಏನಂತ ಹೇಳಿ ಹೆದರಸೂದು ತಂಗಿ?" ಎಂದರು. ಮೇಜಿನ ಕೆಳಗಿನಿಂದ ಒಂದು ಬಟ್ಟಲು ತೆಗೆದು ಎರಡೂ ಕೈಯಲ್ಲಿ ನನ್ನ ಕಡೆ ಚಾಚಿದರು. "ಮನಿಗೆ ಒಯ್ಯಿರಿ."

ಮನೆಗೆ ಬಂದೆ. ಚಪ್ಪಲಿ ಬಿಡುವಾಗ ಒಳಗಿನಿಂದ ದನಿ ಬಂತು.

"ಉಂಡಿಯೇನ ಮಗಳ?"

"ಇಲ್ರೀ ಅತ್ತ್ಯಾರ," ಎಂದೆ. ಅಷ್ಟು ಹೆದರಿದ್ದರೂ ಆ ಮಾತಿಗೆ ಎದೆ ತಂಪಾಯಿತು.

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವಳು ಅತ್ತೆಯಲ್ಲ. ಎಂದೂ ನೋಡಿರದ ಹೆಂಗಸು. ಹಣೆಯ ಮೇಲೆ ಹಚ್ಚೆ, ಕಾಲಲ್ಲಿ ದೂರದ ಹಾದಿಯ ಕೆಂಧೂಳು. ನನ್ನ ಎರಡೂ ಕೆನ್ನೆ ಸವರಿ, ಹಣೆಯ ಪಕ್ಕಕ್ಕೆ ಕೈಯೊತ್ತಿ ಲಟಲಟ ನೆಟಿಗೆ ಮುರಿದಳು.

"ಎಷ್ಟ ಸೊರಗೀದಿ," ಎಂದಳು.

ಅದೇ ಮಾತು, ಅದೇ ಏರಿಳಿತ. ಕೊನೆಯಲ್ಲಿ ದನಿ ಸ್ವಲ್ಪ ಒಡೆಯುವುದು ಕೂಡ ಅದೇ. ಅವಳ ಹಿಂದೆ ನನ್ನ ಅತ್ತೆ ನಿಂತಿದ್ದಳು, ಅದೇ ಅಳತೆಯ ನಗೆ ನಗುತ್ತ. ಇಷ್ಟು ದಿನ ನಾನು ಎದೆಗವಚಿಕೊಂಡದ್ದು ನನಗೆಂದೇ ಹುಟ್ಟಿದ ಮಾತಲ್ಲ. ಅದು ಅಚ್ಚಿನಲ್ಲಿ ಹಾಕಿ ತೆಗೆದದ್ದು, ಯಾವ ಮನೆಯಲ್ಲಾದರೂ, ಯಾರ ಬಾಯಲ್ಲಾದರೂ ಬರುವಂಥದ್ದು. ಆ ಹೆಂಗಸಿನ ಕೈ ಬೆಚ್ಚಗಿತ್ತು. ಅದನ್ನು ಕೆನ್ನೆಯಿಂದ ಬಿಡಿಸಿ ಹಿಂದೆ ಸರಿದೆ.

"ನಿಮ್ಮನ್ಯಾಗ ಯಾರಿಲ್ಲೇನ್ರಿ?" ಎಂದು ಕೇಳಿದೆ.

"ಇದ್ರು ಮಗಳ. ಅವರೂ ಹೋಗ್ಯಾರ."

ಉಂಡು, ತನ್ನ ಬಟ್ಟಲಿನ ಮೊಸರನ್ನು ನಮ್ಮ ಗಡಿಗೆಗೆ ಸುರಿದು, ನಮ್ಮದನ್ನು ತುಂಬಿಕೊಂಡು ಅವಳು ಹೊರಟುಹೋದಳು. ಅತ್ತೆ ಬಾಗಿಲಲ್ಲೇ ನಿಂತು ಅವಳು ಹೋದ ದಾರಿಯನ್ನು ನೋಡಿದಳು. ಆಮೇಲೆ ಗೂಡಿನಿಂದ ತನ್ನ ಬಟ್ಟಲು ತೆಗೆದು, ತೊಳೆದು, ಒಂದು ಹೊಸ ವಸ್ತ್ರದಲ್ಲಿ ಕಟ್ಟಿಟ್ಟಳು.

"ನಾನೂ ಹೋಗಬೇಕು ಮಗಳ," ಎಂದಳು. "ಇಂದಲ್ಲ. ಆದ್ರ ಹೋಗಬೇಕು."

ಆ ಮಾತಿಗೆ ನನ್ನ ಓದು, ವಿಚಾರ ಎಲ್ಲ ಬಿದ್ದುಹೋಯಿತು. ನನಗೆ ಉಳಿದವಳು ಅವಳೊಬ್ಬಳೇ. ಸಿಡುಕಲಿ, ಬಯ್ಯಲಿ, ಮುಖ ತಿರುವಲಿ, ಅವಳು ಈ ಮನೆಯಲ್ಲಿ ಇರಬೇಕು. ಅವಳನ್ನು ಉಳಿಸಿಕೊಳ್ಳಬೇಕಾದರೆ ನನ್ನನ್ನು ಮಗಳೆನ್ನುವ ಬಾಯನ್ನು ನಾನೇ ಮುಚ್ಚಿಸಬೇಕು.

ಮರುದಿನ ಅವಳು ಸ್ನಾನಕ್ಕೆ ಹೋದಾಗ ತವರಿನ ಗಡಿಗೆಯನ್ನು ಹಿತ್ತಿಲಿಗೆ ಒಯ್ದೆ. ಮಣ್ಣಿನ ಗಡಿಗೆಯ ರಂಧ್ರಗಳಲ್ಲಿ ವೈರಸ್ ಅಡಗಿ ಕೂರುತ್ತದೆ, ತೊಳೆದರೆ ಹೋಗುವುದಿಲ್ಲ. ಒಂದೇ ಏಟಿಗೆ ಒಡೆದೆ. ಮೊಸರನ್ನು ಕುದಿಯುವ ನೀರಿಗೆ ಸುರಿದೆ. ಪರೀಕ್ಷೆಗೆಂದು ಒಂದಿಷ್ಟನ್ನು ಮಾತ್ರ ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಹಿಮದ ಪೆಟ್ಟಿಗೆಯಲ್ಲಿಟ್ಟೆ. ಪರೀಕ್ಷೆಗೆಂದೇ ಎಂದು ನನಗೆ ನಾನೇ ಹೇಳಿಕೊಂಡೆ. ಹೆಪ್ಪು ಇಲ್ಲದ ಕಾಲಕ್ಕೆ ನಮ್ಮ ಹೆಂಗಸರು ಏನು ಮಾಡುತ್ತಿದ್ದರೋ ಅದನ್ನೇ ಮಾಡಿದೆ. ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಉಗುರುಬೆಚ್ಚಗಿನ ಹಾಲಿನಲ್ಲಿ ಮುಳುಗಿಸಿ, ಹೊಸ ಸ್ಟೀಲಿನ ಪಾತ್ರೆ ಮುಚ್ಚಿಟ್ಟೆ. ಆ ತೊಟ್ಟಿನ ಮೇಲೆ ಕೂಡ ಹಾಲು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳಿರುತ್ತವೆ, ಅವಕ್ಕೆ ಇನ್ನೂ ಯಾರೂ ಅಂಟಿಕೊಂಡಿರುವುದಿಲ್ಲ.

ಗಡಿಗೆ ಕೈಜಾರಿ ಒಡೆಯಿತೆಂದೆ. ಅತ್ತೆ ಚೂರುಗಳನ್ನು ನೋಡುತ್ತ ನಿಂತಳು. "ಇರ್ಲಿ ಬಿಡು ಮಗಳ," ಎಂದಳು. ಹಳೆಯ ಗುರುಸಿದ್ದವ್ವನಾಗಿದ್ದರೆ ಓಣಿ ಹಾರಿಹೋಗುವಂತೆ ಬಯ್ಯುತ್ತಿದ್ದಳು. ಬಯ್ಯಲಿಲ್ಲವೆಂದೇ ನನಗೆ ಹೆಚ್ಚು ಭಯವಾಯಿತು.

ನಾನು ರಜೆ ಹಾಕಿ ಹೊಸ್ತಿಲಲ್ಲೇ ಕೂತೆ. ಬಟ್ಟಲು ಹಿಡಿದು ಬಂದವರನ್ನೆಲ್ಲ ಹೊರಗಿನಿಂದಲೇ ಕಳಿಸಿದೆ. ಉಳಿದ ಮೊಸರನ್ನು ಹೆಪ್ಪಿಗಿಡದೆ ದಿನಾ ಹೊಸ ತೊಟ್ಟಿನಿಂದಲೇ ಹಾಲು ಹೆಪ್ಪಿಟ್ಟೆ, ಅತ್ತೆ ಆ ಮೊಸರನ್ನೇ ಉಂಡಳು. ಅವಳು ನನ್ನ ಕೆನ್ನೆ ಸವರುವುದು ಮೊದಲು ತಡವಾಯಿತು, ಆಮೇಲೆ ಅಪರೂಪವಾಯಿತು. ಒಂದು ಸಂಜೆ ಕೈ ಎತ್ತಿ, ಅರ್ಧದಲ್ಲೇ ನಿಲ್ಲಿಸಿ, ಆ ಕೈ ಯಾಕೆ ಎತ್ತಿದೆನೆಂದು ಮರೆತವಳಂತೆ ನೋಡಿಕೊಂಡು ಇಳಿಸಿದಳು. ನಾನು ಬದಲಿಸಿದ ಮೊಸರು ಕೆಲಸ ಮಾಡುತ್ತಿತ್ತು. ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕಿಕೊಂಡಂತಿತ್ತು.

ಮಾಳಿಗೆಗಳು ಕಾದ ದಿನ ಓಣಿಯಲ್ಲಿ ಗಾಳಿಯೇ ಇರಲಿಲ್ಲ. ಊಟದ ಹೊತ್ತು ಕಳೆದ ಮೇಲೆ ಬಾಗಿಲುಗಳು ತೆರೆದುಕೊಂಡವು. ಕಿಟಕಿಯಿಂದ ನೋಡಿದೆ. ಶಾಂತಕ್ಕ ಹೊರಬಂದಳು, ಬರಿಗಾಲಲ್ಲಿ, ಎರಡೂ ಕೈಯಲ್ಲಿ ಬಟ್ಟಲು. ಅವಳ ಗಂಡ ಹೊರಬಂದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳು ಹೊಳೆಯ ಕಡೆ, ಅವನು ಬಸ್‌ಸ್ಟ್ಯಾಂಡ್ ಕಡೆ ನಡೆದರು. ಎಲ್ಲ ಮನೆಗಳಿಂದಲೂ ಹಾಗೇ. ಮಾತಿಲ್ಲ, ಅಳುವಿಲ್ಲ, ಬರೀ ಕಾದ ನೆಲದ ಮೇಲೆ ಕಾಲಿನ ಸದ್ದು. ನಾನು "ಶಾಂತಕ್ಕಾ" ಎಂದು ಕೂಗಿದೆ. ತಿರುಗಿ ನಕ್ಕಳು. ಆ ನಗೆಯಲ್ಲಿ ನನ್ನ ಗುರುತಿರಲಿಲ್ಲ.

ನನ್ನ ಬೆನ್ನ ಹಿಂದೆ ಚಿಲಕದ ಸದ್ದಾಯಿತು. ಅತ್ತೆ ಬಾಗಿಲ ಬಳಿ ನಿಂತಿದ್ದಳು, ವಸ್ತ್ರದಲ್ಲಿ ಕಟ್ಟಿದ ಬಟ್ಟಲನ್ನು ಕಂಕುಳಲ್ಲಿಟ್ಟುಕೊಂಡು. ಇನ್ನೊಂದು ಕೈ ಚಿಲಕವನ್ನು ತೆಗೆಯುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ. ನಾನು ತಡೆಯಲಿಲ್ಲ. ತಡೆದು ಉಳಿಸಿಕೊಂಡರೆ ನಾಳೆ ಕಿಟಕಿಯಿಂದ ಹೋಗುತ್ತಾಳೆ. ಅವಳೇ ಬಿಡಬೇಕಿತ್ತು. ಹೊರಗೆ ಕಾಲಿನ ಸದ್ದು ಕಡಿಮೆಯಾಗುತ್ತ ಹೋಯಿತು. ಅವಳ ಕೈ ಚಿಲಕದಿಂದ ಜಾರಿತು. ಗೋಡೆಗೊರಗಿ ಕುಸಿದು ಕೂತಳು.

"ಇಲ್ಲೆ ಕೇಳು," ಎಂದಳು. "ನೀರ ಕೊಡು."

ನೀರು ಕೊಟ್ಟೆ. ಗೆದ್ದೆನೆಂದು ಅಳಬೇಕೋ ಸೋತೆನೆಂದು ಅಳಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ನದಾಫನ ಫೋನು ಬಂತು. "ಮೊಸರು ಬದ್ಲಿ ಮಾಡಬೇಕಂತ ದಿನಾ ಅಂದ್ಕೊಂಡೆ ಮೇಡಮ್," ಎಂದ. "ನಾಳೆ ಮಾಡೂನು, ಇವತ್ತೊಂದಿನ ಬಾಗಲದಾಗ ನಿಂತಿರ್ಲಿ ಅಂದ್ಕೊಂಡೆ. ಹೋದ್ಲ್ರಿ."

ಆಮೇಲಿನ ದಿನಗಳಲ್ಲಿ ನಮ್ಮ ಓಣಿ ಮತ್ತೆ ತುಂಬಿತು. ಬೇರೆ ಊರುಗಳಿಂದ ಜನ ಬಟ್ಟಲು ಹಿಡಿದು ಬಂದು ತೆರೆದ ಮನೆಗಳಲ್ಲಿ ಒಲೆ ಹಚ್ಚಿದರು. ಶಾಂತಕ್ಕನ ಮನೆಯಲ್ಲಿ ಎಲ್ಲಿಯವನೋ ಒಬ್ಬ ಮುದುಕ, ಎಲ್ಲಿಯವಳೋ ಒಬ್ಬ ಹುಡುಗಿ ಒಬ್ಬರಿಗೊಬ್ಬರು ಅಪ್ಪ ಮಗಳು ಎನ್ನುತ್ತ ಕೂತಿರುತ್ತಿದ್ದರು.

ಗುರುಸಿದ್ದವ್ವ ಪೂರ್ತಿ ಮೊದಲಿನವಳಾದಳು. ಮೊಸರಿನ ಗುಟ್ಟನ್ನೂ ಗಡಿಗೆಯನ್ನು ನಾನೇ ಒಡೆದದ್ದನ್ನೂ ಅವಳಿಗೆ ಹೇಳಿದೆ. ಗಡಿಗೆ ಒಡೆದದ್ದಕ್ಕೆ ಬಾಕಿಯಿದ್ದ ಬೈಗುಳವನ್ನೆಲ್ಲ ಒಂದೇ ಮುಂಜಾನೆ ತೀರಿಸಿದಳು. ಸಂಜೆ ಅಡುಗೆಮನೆಗೆ ಬಂದು ನನ್ನ ಎದುರು ಕೂತಳು.

"ಆ ದಿನದಾಗ ನಾ ನಿನಗ ಮಗಳ ಅಂತಿದ್ದೆ. ನೆನಪೈತಿ ನನಗ."

ನಾನು ಕಾಯಿಪಲ್ಲೆ ಹೆಚ್ಚುವುದನ್ನು ನಿಲ್ಲಿಸಿದೆ.

"ಈಗ ಬಾಯಿಗೆ ಬರವಲ್ದು," ಎಂದಳು. "ಮುಂಜಾನಿಂದ ನೋಡಾಕ ಹತ್ತೀನಿ. ಬರವಲ್ದು." ನೆಲ ನೋಡುತ್ತ ಮುಂದುವರಿಸಿದಳು. "ಹಿಮದ ಪೆಟಿಗ್ಯಾಗ ಡಬ್ಬಿ ಇಟ್ಟೀಯಲ್ಲ, ಅದ ಮಸರೇನದು? ಒಂದ ಚಮಚ ಕೊಡು. ಒಮ್ಮಿ ಅಂತೀನಿ. ನೀ ಅವಾಗ ಬಚ್ಚಲದಾಗ ಕುಂತು ಅತ್ತದ್ದು ಕೇಳ್ಸಿತ್ತು ನನಗ."

ಎದ್ದೆ. ಡಬ್ಬಿ ತೆಗೆದೆ. ಒಂದು ಚಮಚ ಸಾಕಿತ್ತು. ನಾಳೆ ಬಾಗಿಲಲ್ಲಿ ನಿಂತು ಕಾಯುತ್ತಾಳೆ, ಕೆನ್ನೆ ಸವರುತ್ತಾಳೆ. ಆಮೇಲೆ ಒಂದು ಬಿಸಿಲಿನ ದಿನ ಬಟ್ಟಲು ತೊಳೆಯುತ್ತಾಳೆ. ನದಾಫನ ದನಿ ಕಿವಿಯಲ್ಲಿತ್ತು, ಇವತ್ತೊಂದಿನ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಡಬ್ಬಿಯನ್ನು ಅದರೊಳಗೆ ಬೋರಲು ಹಾಕಿದೆ. ಅತ್ತೆ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದಳು.

ಆಗಲೇ ಬಾಗಿಲು ತಟ್ಟಿದ ಸದ್ದು.

ನಾನು ತೆರೆದೆ. ಹಣೆಯ ಮೇಲೆ ಹಚ್ಚೆಯಿದ್ದ ಅದೇ ಹೆಂಗಸು. ಅವಳ ಹಿಂದೆ ಮಬ್ಬಿನಲ್ಲಿ ಇನ್ನೂ ಹಲವರು, ಎಲ್ಲರ ಕೈಯಲ್ಲೂ ಬಟ್ಟಲು. ಅವರ ನಡುವೆ ಶಾಂತಕ್ಕನ ಸೀರೆ ಕಂಡಂತಾಯಿತು, ಮುಖ ಕಾಣಲಿಲ್ಲ.

"ಉಂಡಿಯೇನ ಮಗಳ?" ಎಂದಳು. ಕೈ ನನ್ನ ಕೆನ್ನೆಯ ಕಡೆ ಬಂತು. ಸುಳ್ಳು ಹೇಳಲಾರೆ, ನನ್ನ ಮುಖ ತಾನಾಗಿಯೇ ಆ ಕೈಗೆ ಬಾಗಿತು.

ಹಿಂದಿನಿಂದ ಒಂದು ಒರಟು ಕೈ ನನ್ನ ರಟ್ಟೆ ಹಿಡಿದು ಒಳಗೆಳೆಯಿತು.

"ಯಾರವಾ ನೀ? ದೀಪ ಹಚ್ಚಿದ ಮ್ಯಾಲ ಮಂದಿ ಬಾಗಲದಾಗ ಏನ ಕೆಲಸ?" ಗುರುಸಿದ್ದವ್ವ ನನಗೂ ಹೊಸ್ತಿಲಿಗೂ ನಡುವೆ ನಿಂತಿದ್ದಳು. "ನಿಂದೂ ಬ್ಯಾಡ, ನಮ್ಮದೂ ಕೊಡಂಗಿಲ್ಲ. ಈ ಮನಿ ಹೆಪ್ಪ ಕೊಡಂಗಿಲ್ಲ, ಈ ಮನಿ ಸೊಸೀನೂ ಕೊಡಂಗಿಲ್ಲ. ಇಕಿ ದಾಕ್ಷಾಯಣಿ. ನನ್ನಾಕಿ. ನಡಿ ಅತ್ತಾಗ!"

ಆ ಹೆಂಗಸು ಕೋಪಿಸಿಕೊಳ್ಳಲಿಲ್ಲ. ಅದೇ ನಗೆ. "ನಾಳೆ ಬರ್ತೀನಿ ಮಗಳ," ಎಂದು ಪಕ್ಕದ ಬಾಗಿಲಿಗೆ ಹೋದಳು. ಅಲ್ಲಿ ತಟ್ಟಬೇಕಾಗಲಿಲ್ಲ.

ಅತ್ತೆ ಬಾಗಿಲು ಹಾಕಿ ಚಿಲಕ ಜಡಿದಳು, ಮೇಲಿನದು, ಕೆಳಗಿನದು. ನಾನು ಅಲ್ಲೇ ನಿಂತಿದ್ದೆ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವಳ ಬಾಯಿಂದ ನನ್ನ ಹೆಸರು ಬಂದಿತ್ತು, ಮತ್ತು ಅದು ಬೇರೆ ಯಾರ ಬಾಯಲ್ಲೂ ಹಾಗೆ ಬರಲಾರದು. ಅವಳು ಮಾತ್ರ ತಿರುಗಿಯೂ ನೋಡದೆ ಒಲೆಯ ಕಡೆ ನಡೆದಳು.

"ನಿಂತು ಏನ ನೋಡ್ತಿ? ಹಾಲು ಆರಾಕ ಹತ್ತೈತಿ. ಮೆಣಸಿನಕಾಯಿ ತೊಟ್ಟ ತಗೊಂಡು ಬಾ."